ಎಡ ಭುಜ

ಕ್ಲೇಟನ್ ಪೆನ್ನಿ ಮಂಜುಗಡ್ಡೆಯ ಮೇಲೆ ಎಡಕ್ಕೆ ತಿರುಗುವುದು ನಿಧಾನ ಎನ್ನುವುದರಲ್ಲಿ ಆ ಮೇಜಿನ ಮೂವರಿಗೂ ತಕರಾರಿರಲಿಲ್ಲ. ಜಗಳವೆಲ್ಲ ಅದು ಮುಂದೆ ಸರಿಹೋಗುತ್ತದೋ ಇಲ್ಲವೋ ಎಂಬುದರ ಬಗ್ಗೆ.

"ಕಾಲು ಭಾರ," ಎಂದ ಗಾಸ್ತೋನ್, ಡೋನಟ್ಟನ್ನು ಕಾಫಿಯಲ್ಲಿ ಅದ್ದುತ್ತ. "ಹದಿನೇಳಕ್ಕೆ ಭಾರ ಇರೋ ಕಾಲು ಇಪ್ಪತ್ತಕ್ಕೂ ಭಾರವೇ. ಇಂಥವರನ್ನ ಎಷ್ಟು ಜನ ನೋಡಿಲ್ಲ ನಾನು."

"ಹೋದ ತಿಂಗಳಿಗಿಂತ ಹಗುರ ಆಗಿದೆ," ಎಂದ ಯೂರ್ಯೊ. ಅವನು ಫಿನ್‌ಲ್ಯಾಂಡ್ ಮೂಲದವನು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅರ್ಧ ಲೋಟ ಕಾಫಿ ಮುಗಿಸುವವನು. "ಹಿಮ್ಮುಖ ಜಾರ್ತಾ ಜಾರ್ತಾ ಎದುರಿನವನನ್ನ ಹಲಗೆ ಗೋಡೆ ಕಡೆ ಒತ್ತಿಕೊಂಡು ಹೋಗ್ತಾನಲ್ಲ, ಅದು ಯಾರೂ ಕಲಿಸಿ ಬರೋದಲ್ಲ."

"ಪಕ್ ಕೋಲಿಗೆ ಸಿಕ್ಕಿದ ತಕ್ಷಣ ಗಾಬರಿ ಬೀಳ್ತಾನೆ."

"ಗಾಬರಿ ಅಲ್ಲ. ಯೋಚನೆ ಮಾಡ್ತಾನೆ."

"ಯೋಚನೆ ಮಾಡೋನು ಪಾದ್ರಿ ಆಗಲಿ. ಡಿಫೆನ್ಸ್ ಆಡೋಕೆ ಯಾಕೆ ಬಂದ?"

ಇಷ್ಟಾದ ಮೇಲೆ ಇಬ್ಬರೂ ಮಾರ್ಸೆಲ್ ಥೆರಿಯೊನ ಮುಖ ನೋಡಿದರು. ದಿನವೂ ಹೀಗೇ ಆಗುತ್ತಿತ್ತು, ದಿನವೂ ಮಾರ್ಸೆಲ್ ಅವರನ್ನು ಸ್ವಲ್ಪ ಹೊತ್ತು ಕಾಯಿಸುತ್ತಿದ್ದ. ಕಾಗದದ ಗಿರಣಿಯಲ್ಲಿ ಯಂತ್ರಗಳ ಗದ್ದಲದ ನಡುವೆ ಕೂಗಿ ಕೂಗಿ ಆಯುಷ್ಯ ಸವೆಸಿದವನು ಅವನು. ಅಲ್ಲಿ ಯಾರಿಗೂ ಅವನ ಮಾತು ಕೇಳಿಸಿರಲಿಲ್ಲ, ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಈ ಚಳಿಗಾಲ ಮಾತ್ರ, ಬ್ರೂಲೆ ಊರಿನ ಈ ಡೋನಟ್ ಅಂಗಡಿಯಲ್ಲಿ, ಅವನು ಹೇಳುವುದಕ್ಕೆ ಬೆಲೆ ಬಂದಿತ್ತು. ಏಕೆಂದರೆ ಕ್ಲೇಟನ್ ಇದ್ದದ್ದು ಅವನ ಮನೆಯಲ್ಲಿ.

ಊರಿನ ಕಿರಿಯರ ಐಸ್ ಹಾಕಿ ತಂಡಕ್ಕೆ ಆಡಲು ಹುಡುಗರು ದೇಶದ ಎಲ್ಲೆಲ್ಲಿಂದಲೋ ಬರುತ್ತಾರೆ. ಅವರನ್ನು ಊರಿನ ಮನೆಗಳು ಒಬ್ಬೊಬ್ಬರಂತೆ ಇಟ್ಟುಕೊಂಡು ಉಣಿಸಿ, ಬಟ್ಟೆ ಒಗೆದುಕೊಟ್ಟು, ಬೇಸಗೆಯಲ್ಲಿ ಅಳುತ್ತ ಕಳಿಸಿಕೊಡುತ್ತವೆ. ಕ್ಲೇಟನ್ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಹಳ್ಳಿಯವನು. ಆಗಸ್ಟ್ ಕೊನೆಗೆ ಬಂದಾಗ ತಂಡದಲ್ಲಿ ಅವನಿಗೆ ಬೆಂಚಿನ ತುದಿಯ ಜಾಗ. ಕ್ರಿಸ್‌ಮಸ್ ಹೊತ್ತಿಗೆ ಪ್ರತಿ ಆಟದಲ್ಲೂ ಇಳಿಯುತ್ತಿದ್ದ. ಜೂನ್‌ನಲ್ಲಿ ದೊಡ್ಡ ಲೀಗಿನ ತಂಡಗಳು ಹುಡುಗರನ್ನು ಆರಿಸಿಕೊಳ್ಳುವಾಗ ಅವನ ಹೆಸರು ಕೊನೆಯ ಸುತ್ತುಗಳಲ್ಲಿ ಬಂದರೂ ಬರಬಹುದು ಎಂದು ಜನ ಆಡಿಕೊಳ್ಳತೊಡಗಿದ್ದರು.

"ಊಟ ಆದ್ಮೇಲೆ ದಿನಾ ನಮ್ಮ ಗ್ಯಾರೇಜಲ್ಲಿ ಹಗ್ಗ ಜಿಗೀತಾನೆ," ಎಂದ ಮಾರ್ಸೆಲ್ ಕೊನೆಗೆ. "ಎಡಗಾಲಲ್ಲಿ ಮಾತ್ರ. ಫೆಬ್ರವರಿ ಬರಲಿ, ಆಮೇಲೆ ಹೇಳಿ ನಂಗೆ ಕಾಲು ಭಾರ ಅಂತ."

ಗಾಸ್ತೋನ್ ತಲೆದೂಗಿದ. ಮಾರ್ಸೆಲ್‌ಗೆ ಕಾಫಿ ರುಚಿಯೆನಿಸಿತು.

ಮನೆಯಲ್ಲಿ ಅಡುಗೆ ಮೂರು ಜನರಿಗಲ್ಲ, ಆರು ಜನರಿಗಾಗುವಷ್ಟು ಆಗುತ್ತಿತ್ತು. ಹುಡುಗ ಒಬ್ಬನೇ ಮೂವರ ಊಟ ಉಣ್ಣುತ್ತಿದ್ದ. ಬಟಾಣಿ ಸೂಪು, ಮಾಂಸದ ಪೈ, ಬೆಳಿಗ್ಗೆ ಗೋಪುರದಂತೆ ಪೇರಿಸಿದ ಪ್ಯಾನ್‌ಕೇಕು. ಮಾರ್ಸೆಲ್‌ನ ಹೆಂಡತಿ ಲುಸೀಲ್ ಒಲೆಯ ಮುಂದಿಂದ ಕದಲುತ್ತಿರಲಿಲ್ಲ. ಮಗಳು ಡೆನೀಜ್ ಉತ್ತರದ ಗಣಿಯ ಕೂಲಿಕೇರಿಯಲ್ಲಿ ಅಡುಗೆ ಕೆಲಸದವಳು; ಎರಡು ವಾರ ಅಲ್ಲಿದ್ದರೆ ಒಂದು ವಾರ ಇಲ್ಲಿ. ಅವಳ ಮಗಳು ಜೊಯೆಲ್ ಹನ್ನೆರಡು ವರ್ಷದವಳು, ಅಜ್ಜ ಅಜ್ಜಿಯ ಹತ್ತಿರವೇ ಬೆಳೆದವಳು. ಅಜ್ಜನನ್ನು ಪೆಪೇರ್, ಅಜ್ಜಿಯನ್ನು ಮೆಮೇರ್ ಎಂದು ಕರೆಯುವವಳು. ಅವಳನ್ನು ನೋಡಿ ಕ್ಲೇಟನ್ ಕೂಡ ಹಾಗೇ ಕರೆಯತೊಡಗಿದ್ದ. ಜೊಯೆಲ್ ಹುಡುಗಿಯರ ತಂಡದಲ್ಲಿ ಡಿಫೆನ್ಸ್ ಆಡುತ್ತಿದ್ದಳು. ಪಾತ್ರೆ ತೊಳೆಯುವಾಗ ಅವಳಿಗೂ ಕ್ಲೇಟನ್‌ಗೂ ಒಂದೇ ಮಾತು.

"ಪಕ್ ನೋಡ್ಬೇಡ. ಎದುರಿನವಳ ಹೊಟ್ಟೆ ನೋಡು. ಕೈ ಸುಳ್ಳು ಹೇಳತ್ತೆ, ಕಣ್ಣು ಸುಳ್ಳು ಹೇಳತ್ತೆ, ಹೊಟ್ಟೆ ಹೇಳಲ್ಲ."

"ನಿನ್ನ ಹೊಟ್ಟೆ ಯಾವಾಗ್ಲೂ ಹಸಿವು ಅಂತಲೇ ಹೇಳತ್ತೆ," ಎನ್ನುತ್ತಿದ್ದಳು ಜೊಯೆಲ್.

ಜನವರಿಯ ಒಂದು ಸಂಜೆ ಹುಡುಗ ತಟ್ಟೆಯನ್ನು ಬಲಗೈಯಲ್ಲೇ ಎತ್ತಿದ, ಬಲಗೈಯಲ್ಲೇ ಉಪ್ಪಿಗೆ ಚಾಚಿದ, ಎಡಗೈಯನ್ನು ತೊಡೆಯ ಮೇಲಿಂದ ತೆಗೆಯಲೇ ಇಲ್ಲ. ಲುಸೀಲ್ ಸ್ವಲ್ಪ ಹೊತ್ತು ನೋಡಿದಳು.

"ಅಂಗಿ ತೆಗಿ," ಎಂದಳು.

"ಏನಿಲ್ಲ ಮೆಮೇರ್."

"ತೆಗಿ ಅಂದೆ."

ಅಂಗಿ ತಲೆಯ ಮೇಲೆ ಹೋಗಲಿಲ್ಲ. ಜೊಯೆಲ್ ತೋಳು ಹಿಡಿದು ಎಳೆಯಬೇಕಾಯಿತು. ಭುಜ ಊದಿಕೊಂಡು ಬಣ್ಣ ತಿರುಗಿತ್ತು. ಅಭ್ಯಾಸದಲ್ಲಿ ಬಿದ್ದನಂತೆ. ಯಾರಿಗೂ ಹೇಳಿಲ್ಲವಂತೆ. ತರಬೇತುದಾರನಿಗೂ ಇಲ್ಲ, ತಂಡದ ವೈದ್ಯನಿಗೂ ಇಲ್ಲ.

"ಶನಿವಾರ ಕಾರ್ಸನ್ ಫಾಲ್ಸ್ ಜೊತೆ ಆಟ ಇದೆ," ಎಂದ ಹುಡುಗ. "ಆರಿಸೋಕೆ ಬರೋರು ಐದಾರು ಜನ ಬರ್ತಾರೆ. ನನ್ನ ನೋಡೋಕೇ ಒಬ್ರು ಬರ್ತಿದಾರೆ, ಮಾಂಟ್ರಿಯಲ್‌ನಿಂದ. ಶನಿವಾರ ಮುಗೀಲಿ. ದಮ್ಮಯ್ಯ ಅಂತೀನಿ."

"ಹುಚ್ಚಾ ನಿಂಗೆ?"

"ಆಡ್ದೇ ಇದ್ರೆ ಮುಗೀತು ಮೆಮೇರ್. ಇನ್ನೊಂದು ಸಲ ಯಾರೂ ಬರಲ್ಲ."

ಲುಸೀಲ್ ಹೆಪ್ಪುಗಟ್ಟಿದ ಬಟಾಣಿಯ ಪೊಟ್ಟಣ ತೆಗೆದು ಬಟ್ಟೆಯಲ್ಲಿ ಸುತ್ತಿ ಭುಜದ ಮೇಲಿಟ್ಟಳು. ಅವಳು ಫೋನಿನ ಕಡೆ ಹೋಗದೆ ಪೊಟ್ಟಣವನ್ನು ಒತ್ತಿ ಹಿಡಿದದ್ದು ನೋಡಿ ಮಾರ್ಸೆಲ್‌ಗೆ ಅವಳು ಒಪ್ಪಿದಳೆಂದು ತಿಳಿಯಿತು.

"ಶನಿವಾರ ಆಟ ಮುಗಿದ ಗಳಿಗೇಲಿ ನೀನೇ ವೈದ್ಯನಿಗೆ ಹೇಳ್ಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ." ಆಮೇಲೆ ಜೊಯೆಲ್ ಕಡೆ, ಮಾರ್ಸೆಲ್ ಕಡೆ ತಿರುಗಿದಳು. "ಅಲ್ಲೀವರೆಗೆ ಇದು ಈ ಅಡುಗೆಮನೆ ದಾಟಬಾರದು. ಕೇಳಿಸ್ತಾ ಮಾರ್ಸೆಲ್?"

"ನನಗ್ಯಾಕೆ ಹೇಳ್ತೀಯ? ಹುಡುಗಿಗೆ ಹೇಳು," ಎಂದ ಮಾರ್ಸೆಲ್.

ಬುಧವಾರದ ಆಟದಲ್ಲಿ ಎಲ್ಲರಿಗೂ ಕಂಡಿತು. ಎಡ ಮೂಲೆಗೆ ಪಕ್, ಆ ರಬ್ಬರ್ ಬಿಲ್ಲೆ, ಹೋದಾಗಲೆಲ್ಲ ಕ್ಲೇಟನ್ ಅರ್ಧ ಹೆಜ್ಜೆ ಹಿಂದೆ ಉಳಿಯುತ್ತಿದ್ದ, ಜೊತೆಗಾರ ಓಡಿ ಹೋಗಲಿ ಎಂದು ಕಾಯುತ್ತಿದ್ದ. ಮರುದಿನ ಬೆಳಿಗ್ಗೆ ಮೇಜಿನ ಬಳಿ ಮಾರ್ಸೆಲ್ ಕೋಟು ಬಿಚ್ಚುವ ಮೊದಲೇ ಗಾಸ್ತೋನ್ ಶುರುಮಾಡಿದ.

"ಬಂದ ನೋಡಪ್ಪ, ಅಂಜುಬುರುಕನ ಮನೆಯಜಮಾನ."

"ಯಾರಿಗೆ ಅಂತೀಯ?"

"ನಿನ್ನ ಹುಡುಗನಿಗೆ. ಮೂಲೆಗೆ ಹೋಗೋಕೆ ಹೆದರ್ತಾನೆ. ಕಾಲು ಭಾರ ಇದ್ರೆ ತಿದ್ದಬಹುದು, ಹೆದರಿಕೆ ತಿದ್ದೋಕಾಗಲ್ಲ. ಅಲ್ವೇನೋ ಯೂರ್ಯೊ?"

ಯೂರ್ಯೊ ಕಾಫಿ ಕುಡಿದ. "ನಂಗೂ ಹಾಗೇ ಅನ್ನಿಸ್ತು," ಎಂದ. "ಬೇಜಾರಾಯ್ತು."

ಗಾಸ್ತೋನ್ ಒಬ್ಬನೇ ಹೇಳಿದ್ದಾದರೆ ಮಾರ್ಸೆಲ್ ನಕ್ಕು ಬಿಡುತ್ತಿದ್ದ. ಯೂರ್ಯೊ ಹೇಳಿದ್ದು ತಡೆಯಲಾಗಲಿಲ್ಲ.

"ಅಂಜುಬುರುಕನಾ?" ಎಂದ. "ಎಡ ಭುಜ ಎತ್ತೋಕಾಗಲ್ಲ ಅವನಿಗೆ. ಕುಂಬಳಕಾಯಿ ಥರ ಊದಿದೆ. ನನ್ನ ಮೊಮ್ಮಗಳು ಅಂಗಿ ಬಿಚ್ಚಿಕೊಡ್ತಾಳೆ. ಒಂದೇ ಭುಜದಲ್ಲಿ ಆಡ್ತಿದಾನೆ ಆ ಹುಡುಗ, ಒಂದೇ ಒಂದು ಭುಜದಲ್ಲಿ. ನೀನು ನೆಗಡಿ ಬಂದ್ರೆ ಗಿರಣಿಗೆ ರಜೆ ಹಾಕ್ತಿದ್ದೆ, ಮರೆತುಹೋಯ್ತಾ?"

ಗಾಸ್ತೋನ್ ಡೋನಟ್ ಕೆಳಗಿಟ್ಟ.

"ಹಾಗಾ," ಎಂದ ಯೂರ್ಯೊ ಮೆಲ್ಲಗೆ. "ಗಟ್ಟಿ ಹುಡುಗ ಬಿಡು."

ಅಂಗಡಿಯಿಂದ ಮನೆಗೆ ನಡೆದು ಹೋಗುವಾಗ ಮಾರ್ಸೆಲ್ ಬಹಳ ಸಂತೋಷವಾಗಿದ್ದ.

ಶನಿವಾರ ಆಟದ ರಿಂಕ್ ಜನರಿಂದ ತುಂಬಿತ್ತು. ಮೊದಲ ಕೆಲವು ನಿಮಿಷಗಳಲ್ಲೇ ಮಾರ್ಸೆಲ್‌ಗೆ ಏನೋ ಸರಿಯಿಲ್ಲ ಎನಿಸಿತು. ಕಾರ್ಸನ್ ಫಾಲ್ಸ್‌ನವರು ಪಕ್ ಸಿಕ್ಕಿದಾಗಲೆಲ್ಲ ಅದನ್ನು ಒಂದೇ ಕಡೆಗೆ ಎಸೆಯುತ್ತಿದ್ದರು, ಎಡ ಮೂಲೆಗೆ. ಕ್ಲೇಟನ್ ಇಳಿದಾಗ ಮಾತ್ರ. ಅವನು ಹೋಗಿ ಬೆನ್ನು ತಿರುಗಿಸಿ ಪಕ್ ತೆಗೆಯುವಷ್ಟರಲ್ಲಿ ಒಬ್ಬ ಬಂದು ಎಡ ಪಕ್ಕೆಗೆ ಗುದ್ದುತ್ತಿದ್ದ. ಮತ್ತೆ ಇನ್ನೊಬ್ಬ. ಈ ಸಲ ಹುಡುಗ ಹಿಂದೆ ಉಳಿಯಲಿಲ್ಲ. ಪ್ರತಿ ಸಲವೂ ಹೋದ. ಮಾರ್ಸೆಲ್ ಪಕ್ಕದಲ್ಲಿ ಲುಸೀಲ್ ಕೈವಸ್ತ್ರ ಹಿಂಡುತ್ತಿದ್ದಳು. ಎದುರಾಳಿಗಳ ಬೆಂಚಿನಿಂದ ಯಾರೋ "ಎಡಕ್ಕೆ, ಎಡಕ್ಕೆ ಹಾಕು" ಎಂದು ಕೂಗಿದ್ದು ಮೇಲಿನ ಸಾಲಿನವರೆಗೆ ಕೇಳಿಸಿತು.

ಎರಡನೇ ಅವಧಿಯಲ್ಲಿ ಕ್ಲೇಟನ್ ಹಲಗೆಗೆ ಬಡಿದು ಬಿದ್ದವನು ಕೂಡಲೇ ಏಳಲಿಲ್ಲ. ಎದ್ದಾಗ ತೋಳು ತನ್ನದಲ್ಲದ ಹಾಗೆ ನೇತಾಡುತ್ತಿತ್ತು.

ಭುಜದ ಕೀಲು ತಪ್ಪಿ ಒಳಗಿನ ಸ್ನಾಯು ಹರಿದಿತ್ತು. ಈ ವರ್ಷದ ಆಟ ಅಲ್ಲಿಗೇ ಮುಗಿಯಿತು. ಮಾಂಟ್ರಿಯಲ್‌ನಿಂದ ಬಂದವರು ಮೂರನೇ ಅವಧಿಗೆ ಮೊದಲೇ ಎದ್ದು ಹೋಗಿದ್ದರೆಂದು ಗಾಸ್ತೋನ್ ಯಾರಿಗೋ ಹೇಳುತ್ತಿದ್ದ.

ಮಂಗಳವಾರ ಪಾಲೆಟ್ ಬಂದಳು. ಕ್ಲಬ್ಬಿನ ಪರವಾಗಿ ಹುಡುಗರಿಗೆ ಮನೆ ಹೊಂದಿಸುವ ಹೆಂಗಸು. ಲುಸೀಲ್ ಜೊತೆ ಶಾಲೆಗೆ ಹೋದವಳು. ಆದರೂ ಆ ದಿನ ಕೋಟು ಬಿಚ್ಚಲಿಲ್ಲ. ಲುಸೀಲ್ ಸಕ್ಕರೆ ಪೈ ಕತ್ತರಿಸಿ ಎಲ್ಲರ ಮುಂದಿಟ್ಟಳು. ಕ್ಲೇಟನ್ ತೋಳನ್ನು ಕತ್ತಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿಟ್ಟು ಕಿಟಕಿಯ ಬಳಿ ಕೂತಿದ್ದ.

"ಕ್ಲಬ್ಬಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ," ಎಂದಳು ಪಾಲೆಟ್. "ಕಾರ್ಸನ್ ಫಾಲ್ಸ್‌ನವರಿಗೆ ಗೊತ್ತಿತ್ತು. ಹಾಗಾದ್ರೆ ಈ ಮನೆಯಿಂದಲೇ ಹೋಗಿದೆ."

"ಮುಚ್ಚಿಟ್ಟಿದ್ದು ನನ್ನ ತಪ್ಪು," ಎಂದಳು ಲುಸೀಲ್. "ಅದನ್ನ ಒಪ್ಕೋತೀನಿ. ಆದ್ರೆ ನಾನು ಯಾರಿಗೂ ಹೇಳಿಲ್ಲ."

"ಅದು ಬೇರೆ, ಇದು ಬೇರೆ. ನೋಡು ಲುಸೀಲ್, ಹುಡುಗರ ತಾಯ್ತಂದೆ ನಮ್ಮನ್ನ ನಂಬಿ ಕಳಿಸ್ತಾರೆ. ಮನೆಯ ದೊಡ್ಡವರೇ ಹೊರಗೆ ಹೋಗಿ ಬಾಯಿ ಬಿಟ್ಟಿದ್ರೆ ನಾನು ಇವನನ್ನ ಇಲ್ಲಿ ಬಿಡೋ ಹಾಗಿಲ್ಲ. ಇವತ್ತೇ ಬೇರೆ ಮನೆ ನೋಡ್ಬೇಕು. ಇನ್ಮೇಲೆ ಈ ಮನೆಗೆ ಹುಡುಗರನ್ನೂ ಕಳಿಸೋಕಾಗಲ್ಲ."

"ನಾನು ಎಲ್ಲಿಗೂ ಹೋಗಲ್ಲ," ಎಂದ ಕ್ಲೇಟನ್ ಕಿಟಕಿಯ ಕಡೆಯಿಂದ.

"ಅದು ನಿನ್ನ ಕೈಲಿಲ್ಲ ಮಗಾ."

ಲುಸೀಲ್ ಮಾರ್ಸೆಲ್ ಕಡೆ ತಿರುಗಿದಳು. ಹೇಳಬೇಕು ಎಂದುಕೊಂಡ. ವಾಕ್ಯ ಸಿದ್ಧವಾಗಿತ್ತು ಕೂಡ: ನಾನು ಅವನ ಮಾನ ಉಳಿಸೋಕೆ ಹೇಳಿದ್ದು.

"ನಾನು ಹೇಳ್ದೆ," ಎಂದಳು ಜೊಯೆಲ್.

ಎಲ್ಲರೂ ಅವಳನ್ನು ನೋಡಿದರು. ಅವಳು ಪೈ ತಟ್ಟೆಯನ್ನು ನೋಡುತ್ತಿದ್ದಳು.

"ಯಾರಿಗೆ?"

"ಶಾಲೇಲಿ. ಹುಡುಗಿಯರಿಗೆ. ಯಾರಿಗೆ ಅಂತ ನೆನಪಿಲ್ಲ. ಸುಮಾರು ಜನಕ್ಕೆ."

ಪಾಲೆಟ್ ದೀರ್ಘವಾಗಿ ಉಸಿರು ಬಿಟ್ಟು ಕೋಟಿನ ಗುಂಡಿ ಬಿಚ್ಚಿದಳು. "ಮಗು," ಎಂದಳು, ಬೈಗುಳಕ್ಕಿಂತ ಹೆಚ್ಚಾಗಿ ಸಮಾಧಾನದಿಂದ. "ಮಕ್ಕಳು ಅಂದ್ಮೇಲೆ ಇದ್ದದ್ದೇ. ಮಕ್ಕಳ ಬಾಯಿಗೆ ಬೀಗ ಹಾಕೋಕಾಗತ್ತಾ? ನಾನು ಹಾಗೇ ಹೇಳ್ತೀನಿ ಕ್ಲಬ್ಬಿನವರಿಗೆ."

ಮಾರ್ಸೆಲ್ ಫೋರ್ಕ್ ತೆಗೆದುಕೊಂಡು ಪೈ ಬಾಯಿಗಿಟ್ಟ. ಬಾಯಲ್ಲಿ ತುತ್ತಿರುವಾಗ ಮಾತಾಡಬೇಕಾಗಿ ಬರುವುದಿಲ್ಲ. ಆ ತುತ್ತು ಮುಗಿದ ಮೇಲೆ ಇನ್ನೊಂದು ತೆಗೆದುಕೊಂಡ.

ಆ ವಾರವೆಲ್ಲ ಅವನು ತನಗೆ ತಾನೇ ಹೇಳಿಕೊಂಡ: ಅವಳೂ ಹೇಳಿರಬಹುದು. ಹುಡುಗಿಯರು ಹೇಳದೆ ಇರುತ್ತಾರೆಯೇ? ಸುದ್ದಿ ಹೋಗುವ ದಾರಿ ಒಂದೇ ಇರಬೇಕೆಂದಿಲ್ಲ. ಇದನ್ನು ಗಟ್ಟಿಮಾಡಿಕೊಳ್ಳಲು ಅವನು ಡೋನಟ್ ಅಂಗಡಿಗೆ ಹೋದ.

ಯೂರ್ಯೊ ಲೋಟ ಮುಟ್ಟದೆ ಕೂತಿದ್ದ. "ನಾನೇ ಹೇಳ್ದೆ," ಎಂದ, ಕೇಳುವ ಮೊದಲೇ. "ನನ್ನ ತಂಗಿ ಮಗ ಶುಕ್ರವಾರ ಊಟಕ್ಕೆ ಬಂದಿದ್ದ. ಕಾರ್ಸನ್ ಫಾಲ್ಸ್ ತಂಡದ ಸಾಮಾನು ನೋಡ್ಕೊಳ್ಳೋನು. ಅವನು ನಿಮ್ಮ ಡಿಫೆನ್ಸ್ ಹುಡುಗ ಪುಕ್ಕಲ ಅಂದ. ನಂಗೆ ತಡೀಲಿಲ್ಲ, ಒಂದೇ ಭುಜದಲ್ಲಿ ಆಡೋ ಹುಡುಗ ಕಣೋ ಅವನು ಅಂದೆ. ಹೊಗಳೋಕೆ ಹೇಳಿದ್ದು ಮಾರ್ಸೆಲ್. ದೇವರಾಣೆ."

"ಗೊತ್ತು," ಎಂದ ಮಾರ್ಸೆಲ್. ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಹುಡುಗಿ ಒಪ್ಕೊಂಡಿದಾಳಂತೆ ಅಲ್ವಾ," ಎಂದ ಗಾಸ್ತೋನ್. "ಹಾಗಿದ್ರೆ ಮುಗೀತು. ಹುಡುಗಿ ಅಂದ್ರೆ ಜನ ಎರಡು ದಿನದಲ್ಲಿ ಮರೀತಾರೆ. ನಾವು ಮೂರು ಜನ ಬಾಯಿ ಬಿಡೋರಲ್ಲ."

ಯೂರ್ಯೊ ಎದ್ದು ಟೋಪಿ ಹಾಕಿಕೊಂಡು ಹೊರಟುಹೋದ. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಡೆನೀಜ್ ಗಣಿಯಿಂದ ಬಂದವಳು ಚೀಲ ಕೆಳಗಿಡುವ ಮೊದಲೇ ಮಗಳ ಮೇಲೆ ಹರಿಹಾಯ್ದಳು.

"ಅಲ್ಲಿ ಅಡುಗೆಮನೇಲಿ ನಿಂತಿದೀನಿ, ಗಣಿಯವನೊಬ್ಬ ತಟ್ಟೆ ಹಿಡ್ಕೊಂಡು ಬಂದು ಕೇಳ್ತಾನೆ, ಆ ಹುಡುಗನ ಕೈ ಮುರಿಸಿದ್ದು ನಿನ್ನ ಮಗಳಂತಲ್ಲ ಅಂತ. ಏನು ಹೇಳ್ಲಿ ನಾನು? ಸಾರು ಬಡಿಸ್ಲಾ, ಮುಖ ಮುಚ್ಕೊಳ್ಲಾ?"

"ಕೈ ಮುರಿದಿಲ್ಲ," ಎಂದಳು ಜೊಯೆಲ್. "ಭುಜ."

"ಎದುರು ಮಾತಾಡ್ತೀಯಾ? ಫೋನ್ ಕೊಡು. ಆ ಹುಡುಗನ ಪಾಲಿನ ಕೆಲಸವೆಲ್ಲ ಇನ್ಮೇಲೆ ನಿಂದು. ಹಿಮ ಎತ್ತೋದು, ಕಸ ಹಾಕೋದು, ಎಲ್ಲ."

"ಡೆನೀಜ್, ಸಾಕು," ಎಂದಳು ಲುಸೀಲ್.

"ನೀವು ಮುದ್ದು ಮಾಡಿ ಮಾಡಿ ಹೀಗಾಗಿರೋದು. ಪಪ್ಪಾ, ನೀನಾದ್ರೂ ಏನಾದ್ರೂ ಹೇಳ್ಬಾರದಾ?"

ಮಾರ್ಸೆಲ್ ಸೂಪಿನ ಬಟ್ಟಲಿಗೆ ಬ್ರೆಡ್ ಮುರಿದು ಹಾಕುತ್ತಿದ್ದ. "ಚಿಕ್ಕವಳು," ಎಂದ. "ಬಿಡು."

ಅದು ತನ್ನ ಕಿವಿಗೆ ದೊಡ್ಡ ಮನಸ್ಸಿನ ಮಾತಿನಂತೆ ಕೇಳಿಸಿದ್ದು ಅವನಿಗೆ ಆಮೇಲೆ ಎಷ್ಟೋ ದಿನ ನೆನಪಾಗುತ್ತಿತ್ತು. ನೆನಪಾದಾಗ ಕಿವಿ ಬಿಸಿಯಾಗುತ್ತಿತ್ತು.

ಬೆಳಿಗ್ಗೆ ಜೊಯೆಲ್ ಮನೆ ಮುಂದಿನ ಹಿಮ ಎತ್ತುತ್ತಿದ್ದಳು. ಮಾರ್ಸೆಲ್ ಇನ್ನೊಂದು ಸಲಿಕೆ ತೆಗೆದುಕೊಂಡು ಬಂದ.

"ನಾನೇ ಮಾಡ್ತೀನಿ ಬಿಡು ಪೆಪೇರ್. ಮಮಾ ನೋಡಿದ್ರೆ ಬೈತಾಳೆ."

"ಜೊಯೆಲ್. ನೀನು ನಿಜವಾಗ್ಲೂ ಶಾಲೇಲಿ ಹೇಳಿದ್ಯಾ?"

ಅವಳು ಸಲಿಕೆ ನಿಲ್ಲಿಸಲಿಲ್ಲ. "ಪಾಲೆಟ್ ಹೇಳಿದ್ದು ನಿಂಗೆ ಕೇಳಿಸ್ಲಿಲ್ವಾ? ದೊಡ್ಡೋರು ಹೇಳಿದ್ರೆ ಕ್ಲೇಟನ್ ಹೋಗ್ಬೇಕು. ನಾನು ದೊಡ್ಡೋಳಲ್ಲ."

"ಹಾಗಾದ್ರೆ—"

"ಗಾಸ್ತೋನ್ ಮೊಮ್ಮಗ ನನ್ನ ಕ್ಲಾಸಲ್ಲೇ ಇದಾನೆ. ಶುಕ್ರವಾರವೇ ಕೇಳ್ದ ಅವನು, ಕುಂಬಳಕಾಯಿ ಹೇಗಿದೆ ಅಂತ." ಅವಳು ಹಿಮವನ್ನು ಬೇಲಿಯಾಚೆಗೆ ಎಸೆದಳು. "ನೀನು ಯಾರಿಗೂ ಹೇಳ್ಬೇಡ. ನಾನು ಸರಿ ಮಾಡಿದೀನಿ. ಕ್ಲೇಟನ್ ಇಲ್ಲೇ ಇರ್ತಾನೆ."

ಮಾರ್ಸೆಲ್ ಸಲಿಕೆ ಹಿಡಿದು ನಿಂತ. ಮೊದಲು ಬಂದದ್ದು ಬಿಡುಗಡೆ. ಎದೆಯ ಮೇಲಿನ ಭಾರ ಯಾರೋ ಎತ್ತಿದ ಹಾಗೆ. ಎತ್ತಿದವಳು ಹನ್ನೆರಡು ವರ್ಷದವಳು ಎಂಬುದು ಆಮೇಲೆ ಹೊಳೆಯಿತು. ಅವನು ಸಲಿಕೆಯನ್ನು ಗೋಡೆಗೊರಗಿಸಿ ಒಳಗೆ ಹೋದ.

ಜನ ಎರಡು ದಿನದಲ್ಲಿ ಮರೆಯಲಿಲ್ಲ. ಫೆಬ್ರವರಿಯಲ್ಲಿ ಹುಡುಗಿಯರ ಆಟಕ್ಕೆ ಮಾರ್ಸೆಲ್ ಕ್ಲೇಟನ್ ಜೊತೆ ಹೋದ. ರಿಂಕಿನ ತಣ್ಣನೆಯ ಮೆಟ್ಟಿಲ ಮೇಲೆ ಹತ್ತಿಪ್ಪತ್ತು ತಾಯ್ತಂದೆಯರು ಕಂಬಳಿ ಹೊದ್ದು ಕೂತಿದ್ದರು. ಜೊಯೆಲ್ ಚೆನ್ನಾಗಿ ನಿಂತಿದ್ದಳು. ಎದುರಿನವಳ ಹೊಟ್ಟೆ ನೋಡುತ್ತಿದ್ದಳು, ಪಕ್ ಕಸಿಯುತ್ತಿದ್ದಳು, ಕೊಡುತ್ತಿದ್ದಳು. ಆದರೆ ಅವಳಿಗೆ ಯಾರೂ ಕೊಡುತ್ತಿರಲಿಲ್ಲ. ಜೊತೆಯ ಡಿಫೆನ್ಸ್ ಹುಡುಗಿ ಮೂವರ ನಡುವೆ ಸಿಕ್ಕಿಕೊಂಡಾಗ ಕೂಡ, ಜೊಯೆಲ್ ಕೋಲಿನಿಂದ ಮಂಜುಗಡ್ಡೆ ತಟ್ಟಿ ತಟ್ಟಿ ಕರೆದರೂ, ಪಕ್ಕನ್ನು ಖಾಲಿ ಜಾಗಕ್ಕೆ ಎಸೆದಳೇ ಹೊರತು ಅವಳಿಗೆ ಕೊಡಲಿಲ್ಲ. ಬೆಂಚಿನಲ್ಲಿ ಅವಳ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು.

"ಎಷ್ಟು ದಿನದಿಂದ ಹೀಗೆ?" ಎಂದು ಮಾರ್ಸೆಲ್ ಕೇಳಿದ.

"ನನ್ನ ಭುಜ ಹೋದಾಗಿಂದ," ಎಂದ ಕ್ಲೇಟನ್. "ಯಾರಿಗೂ ಹೇಳ್ಬೇಡ ಅಂದಿದಾಳೆ. ನಾನು ಅವಳಿಗೆ ಹೇಳ್ದೆ, ನಂಗೇನೂ ಕೋಪ ಇಲ್ಲ ಅಂತ. ಚಿಕ್ಕೋಳು ಪಾಪ, ಬಾಯಿ ಜಾರಿರತ್ತೆ."

ಮುಂದಿನ ಸಾಲಿನಲ್ಲಿ ಇಬ್ಬರು ಗಂಡಸರು ಆಟ ನೋಡುತ್ತ ಮಾತಾಡಿಕೊಳ್ಳುತ್ತಿದ್ದರು.

"ಆ ಥೆರಿಯೊ ಹುಡುಗಿ ಕಾಲು ನೋಡು. ಎಡಕ್ಕೂ ಬಲಕ್ಕೂ ಒಂದೇ ಥರ ತಿರುಗ್ತಾಳೆ."

"ಹೂಂ. ಎರಡು ವರ್ಷದಲ್ಲಿ ಜಿಲ್ಲಾ ತಂಡಕ್ಕೆ ಹೋಗ್ಬೇಕಾದವಳು. ಆದ್ರೆ ಜೊತೇಲಿರೋರ ಗುಟ್ಟು ಮಾರೋಳನ್ನ ಯಾವ ತಂಡ ತಗೊಳತ್ತೆ?"

"ಕಾಲಿಗೆ ತಕ್ಕ ಬಾಯಿ ಇಲ್ಲ."

ಇಬ್ಬರೂ ನಕ್ಕರು. ಮಾರ್ಸೆಲ್ ಅವರ ಹೆಗಲು ಮುಟ್ಟುವಷ್ಟು ಹತ್ತಿರವಿದ್ದ. ಮುಟ್ಟಲಿಲ್ಲ. ಅವರ ದನಿ, ಕತ್ತು ಕೊಂಕಿಸುವ ರೀತಿ, ತೀರ್ಪು ಕೊಟ್ಟಾದ ಮೇಲಿನ ಆ ಸಣ್ಣ ಮೌನ, ಎಲ್ಲವೂ ಅವನಿಗೆ ಪರಿಚಿತವಾಗಿತ್ತು. ದಿನಾ ಬೆಳಿಗ್ಗೆ ಅವನು ಮಾಡುತ್ತಿದ್ದದ್ದೇ.

ಕಾರಿನಲ್ಲಿ ಜೊಯೆಲ್ ಒದ್ದೆ ಕೂದಲು ಹಿಂಡಿಕೊಂಡಳು. "ಕೊನೆ ಗೋಲ್ ನನ್ನದೇ ತಪ್ಪು. ಜಾಸ್ತಿ ಹಿಂದೆ ಸರಿದೆ. ಅಲ್ವಾ ಕ್ಲೇಟನ್?"

"ಸ್ವಲ್ಪ," ಎಂದ ಕ್ಲೇಟನ್.

ಆ ಸಂಜೆ ಡೆನೀಜ್ ಕೂಡ ಮನೆಯಲ್ಲಿದ್ದಳು. ಲುಸೀಲ್ ಆಲೂಗಡ್ಡೆ ಹಿಸುಕುತ್ತಿದ್ದಳು, ಜೊಯೆಲ್ ತಟ್ಟೆ ಜೋಡಿಸುತ್ತಿದ್ದಳು, ಕ್ಲೇಟನ್ ಒಂದೇ ಕೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ಒದ್ದಾಡುತ್ತಿದ್ದ. ಮಾರ್ಸೆಲ್ ಅಡುಗೆಮನೆಯ ಗೋಡೆಯ ಫೋನ್ ತೆಗೆದು ಪಾಲೆಟ್‌ಗೆ ಮಾಡಿದ. ಬೇರೆ ಕೋಣೆಗೆ ಹೋಗಿದ್ದರೆ ಅವನಿಂದ ಆಗುತ್ತಿರಲಿಲ್ಲ. ಬಾಗಿಲು ಹಾಕಿಕೊಂಡ ಕೂಡಲೇ ಬೇರೆ ಏನಾದರೂ ಹೇಳಿಬಿಡುತ್ತಿದ್ದ.

"ಪಾಲೆಟ್, ಮಾರ್ಸೆಲ್ ಮಾತಾಡೋದು. ಭುಜದ ವಿಷಯ ಹೊರಗೆ ಹೇಳಿದ್ದು ನಾನು. ಡೋನಟ್ ಅಂಗಡೀಲಿ. ಹುಡುಗಿ ಹೇಳಿಲ್ಲ... ಇಲ್ಲ, ಒಬ್ಬರಿಗೂ ಹೇಳಿಲ್ಲ... ಹೂಂ, ಅವತ್ತು ನಾನು ಅಲ್ಲೇ ಕೂತಿದ್ದೆ... ಗೊತ್ತು. ಏನಾಗತ್ತೆ ಅಂತ ಗೊತ್ತು. ಹುಡುಗಿಯರ ತಂಡದವರಿಗೂ ನೀನೇ ಹೇಳ್ಬಿಡು. ನಾನೂ ಹೇಳ್ತೀನಿ."

ಫೋನ್ ಇಟ್ಟಾಗ ಮೊದಲು ಮಾತು ಬಂದದ್ದು ಡೆನೀಜ್‌ಗೆ.

"ನಾನು ನನ್ನ ಮಗಳಿಗೆ ಬಾಯಿಗೆ ಬಂದ ಹಾಗೆ ಬೈದೆ. ಇದೇ ಮೇಜಿನ ಮುಂದೆ. ನೀನು ಅಲ್ಲಿ ಕೂತು ಸೂಪ್ ಕುಡೀತಿದ್ದೆ."

"ಹೂಂ."

"ಚಿಕ್ಕವಳು ಬಿಡು, ಅಂದೆ ನೀನು. ನಿನ್ನ ಬಾಯಿಂದಲೇ ಬಂತು ಅದು."

"ಹೂಂ."

"ಹೂಂ ಅಂತೆ. ಅಷ್ಟೇನಾ?"

"ಶನಿವಾರ ಯಾರೋ ಬರ್ತಾರಂತೆ," ಎಂದ ಮಾರ್ಸೆಲ್. "ಕ್ಲೇಟನ್‌ನ ಕರ್ಕೊಂಡು ಹೋಗೋಕೆ."

ಜೊಯೆಲ್ ಕೈಯಲ್ಲಿದ್ದ ತಟ್ಟೆಗಳನ್ನು ಒಂದೇ ಸಲ ಮೇಜಿನ ಮೇಲೆ ಇಳಿಸಿದಳು. "ನಾನು ಸರಿ ಮಾಡಿದ್ದೆ," ಎಂದಳು. "ಎಲ್ಲ ಸರಿ ಮಾಡಿದ್ದೆ ನಾನು. ಹೇಳ್ಬೇಕಿದ್ರೆ ಅವತ್ತೇ ಹೇಳ್ಬೇಕಿತ್ತು. ಈಗ ಹೇಳಿದ್ರೆ ನನಗೂ ಉಪಯೋಗ ಇಲ್ಲ, ಅವನಿಗೂ ಇಲ್ಲ."

"ನಿನಗೆ ಯಾರೂ ಪಕ್ ಕೊಡ್ತಿರ್ಲಿಲ್ಲ."

"ಕೊಡ್ದೇ ಇರ್ಲಿ. ಅದು ನಂದು. ನೀನ್ಯಾಕೆ ನೋಡೋಕೆ ಬಂದೆ?"

ಅವಳು ಮಹಡಿಗೆ ಹೋದಳು. ಡೆನೀಜ್ ಅವಳ ಹಿಂದೆ ಹೋದಳು. ಮೇಲಿನಿಂದ ಬಾಗಿಲು ಬಡಿಯುವ ಸದ್ದು, ಆಮೇಲೆ ಡೆನೀಜ್ ಬಾಗಿಲಾಚೆಯಿಂದ ಮೆಲ್ಲಗೆ ಬೇಡಿಕೊಳ್ಳುತ್ತಿದ್ದದ್ದು ಕೇಳಿಸಿತು. ಕ್ಲೇಟನ್ ಬೆಣ್ಣೆಯ ಚಾಕು ಹಿಡಿದು ಕೂತೇ ಇದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಯಾವುದೋ ಹಳೆಯ ಲೆಕ್ಕ ತಪ್ಪಿದ್ದು ಈಗ ತಿಳಿದವನ ಹಾಗೆ ಮಾರ್ಸೆಲ್‌ನನ್ನು ನೋಡುತ್ತಿದ್ದ.

ಲುಸೀಲ್ ಮಾಂಸ, ಆಲೂಗಡ್ಡೆ, ಗಜ್ಜರಿ ಬಡಿಸಿದಳು. ಮಾರ್ಸೆಲ್‌ಗೂ ಬಡಿಸಿದಳು, ಎಂದಿನಷ್ಟೇ.

"ನಾನೂ ಅವನನ್ನ ಆಡೋಕೆ ಬಿಟ್ಟೆ," ಎಂದಳು. "ಅದನ್ನ ನಾನು ನೋಡ್ಕೋತೀನಿ. ನಿಂದು ನೀನು ನೋಡ್ಕೋ. ಇಬ್ಬರದೂ ಒಂದೇ ಅಂತ ಮಾತ್ರ ಯಾವತ್ತೂ ಹೇಳ್ಬೇಡ."

ಶನಿವಾರದವರೆಗೆ ಅವಳು ಅವನ ಜೊತೆ ಆಡಿದ್ದು ಕಸದ ಗಾಡಿ, ಒಲೆ, ಉಪ್ಪು, ಇಷ್ಟರ ಬಗ್ಗೆ.

ಕ್ಲೇಟನ್‌ನ ಹೊಸ ಮನೆ ಮೂರು ಬೀದಿ ಆಚೆ. ನಡೆದೇ ಹೋಗಬಹುದಿತ್ತು, ಆದರೆ ಹಾಕಿ ಆಡುವವನ ಸಾಮಾನು ನಡೆದು ಹೋಗುವಂಥದ್ದಲ್ಲ. ಹುಡುಗ ಹೊಸಿಲಲ್ಲಿ ನಿಂತು ಲುಸೀಲ್‌ಳನ್ನು ಒಂದೇ ಕೈಯಲ್ಲಿ ತಬ್ಬಿಕೊಂಡ. ಅವಳು ಅವನ ಕೋಟಿನ ಜೇಬಿಗೆ ಏನೋ ಪೊಟ್ಟಣ ತುರುಕಿ ಒಳಗೆ ಹೋಗಿಬಿಟ್ಟಳು. ಜೊಯೆಲ್ ಬೂಟಿನ ಚೀಲ ಹೊತ್ತು ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು. ಆ ವಾರ ಅವಳ ತಂಡದ ಹುಡುಗಿಯರು ಮನೆಗೇ ಬಂದು ಅವಳನ್ನು ಅಭ್ಯಾಸಕ್ಕೆ ಕರೆದುಕೊಂಡು ಹೋಗಿದ್ದರು. ಅವಳು ಅದನ್ನು ಅಜ್ಜನಿಗೆ ಹೇಳಿರಲಿಲ್ಲ. ಅವನು ಕಿಟಕಿಯಿಂದ ನೋಡಿದ್ದ.

ಮಾರ್ಸೆಲ್ ದೊಡ್ಡ ಚೀಲವನ್ನು ಬಾಗಿಲವರೆಗೆ ಎಳೆದು ತಂದ.

"ಪೆಪೇರ್," ಎಂದ ಕ್ಲೇಟನ್. "ಒಂದು ಕೇಳ್ಲಾ?"

"ಕೇಳು."

"ಅವತ್ತು ಅಂಗಡೀಲಿ ನೀವು ಏನಂತ ಹೇಳಿದ್ರಿ ನನ್ನ ಬಗ್ಗೆ?"

ಮಾರ್ಸೆಲ್ ಇದಕ್ಕೆ ಸಿದ್ಧನಿರಲಿಲ್ಲ. ಬೈಗುಳಕ್ಕೆ ಸಿದ್ಧನಿದ್ದ. "ಗಟ್ಟಿಗ ಅಂದೆ. ಒಂದೇ ಭುಜದಲ್ಲಿ ಆಡ್ತಾನೆ ಅಂದೆ."

"ಅವರು ಏನಂದ್ರು? ಗಾಸ್ತೋನ್ ಏನಂದ್ರು? ಅವರು ಆಟ ಬಲ್ಲೋರು ಅಂತೀರಲ್ಲ ಯಾವಾಗ್ಲೂ." ಹುಡುಗನ ಕಿವಿ ಕೆಂಪಾಗಿತ್ತು. "ಭುಜ ಸರಿಹೋದ್ರೆ ನಾನು ಮೇಲೆ ಹೋಗ್ತೀನಿ ಅಂದ್ರಾ? ನಿಜ ಹೇಳಿ. ನಂಗೇನೂ ಬೇಜಾರಿಲ್ಲ."

ಕಾಲು ಭಾರ, ಹೆದರಿಕೆ ತಿದ್ದೋಕಾಗಲ್ಲ, ಇಂಥವರನ್ನ ಎಷ್ಟು ಜನ ನೋಡಿಲ್ಲ. ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಗಾಸ್ತೋನ್ ನಿನ್ನನ್ನು ಮೆಚ್ಚಿದ ಎಂದು ಸುಳ್ಳು ಹೇಳುವುದೂ ಅಷ್ಟೇ ಸುಲಭವಿತ್ತು.

"ಅಲ್ಲಿ ಆಡಿದ ಮಾತು ನಾನು ಇಲ್ಲಿ ಹೇಳಲ್ಲ," ಎಂದ ಮಾರ್ಸೆಲ್.

ಹುಡುಗ ತಲೆ ತಗ್ಗಿಸಿದ. ಮೆಟ್ಟಿಲ ಕೆಳಗಿನಿಂದ ಜೊಯೆಲ್ ತಲೆಯೆತ್ತಿ ನೋಡಿದಳು.

"ಈಗ ಕಲಿತ್ಯಾ, ಪೆಪೇರ್," ಎಂದಳು.

ದನಿಯಲ್ಲಿ ಕೊಂಕು ಕೂಡ ಇರಲಿಲ್ಲ. ಅವಳು ಮೇಲೆ ಬಂದು ದೊಡ್ಡ ಚೀಲದ ಇನ್ನೊಂದು ತುದಿ ಹಿಡಿದಳು. ಅವಳು ಎತ್ತಿದ ಮೇಲೆ ಅವನೂ ಎತ್ತಲೇಬೇಕಾಯಿತು.